ಠಾಣೆಯಲ್ಲಿ ಆಡಿದ ಮಾತು: ಕಾವಲಿನವರ ಮೇಲಿನ ನಂಬಿಕೆ ಮತ್ತು ಅಪನಂಬಿಕೆಯ ಚರಿತ್ರೆ

ಪೊಲೀಸರಿಗೂ ಜನಸಾಮಾನ್ಯರಿಗೂ ನಡುವೆ ಇರುವ ಅಪನಂಬಿಕೆಯನ್ನು ಕುರಿತು ಬರೆಯುವವರು ಅದನ್ನು ಬಹುಮಟ್ಟಿಗೆ ಜನರ ಮನೋಭಾವದ ಸಂಗತಿಯೆಂದೇ ಎಣಿಸುತ್ತಾರೆ. ಠಾಣೆಯ ಮೆಟ್ಟಿಲು, ಕೋರ್ಟಿನ ಮೆಟ್ಟಿಲು ಹತ್ತುವುದು ಮನೆತನಕ್ಕೆ ಒಳ್ಳೆಯದಲ್ಲವೆಂಬ ಮಾತು ಕನ್ನಡ ನಾಡಿನ ಹಳ್ಳಿ ಪಟ್ಟಣಗಳಲ್ಲಿ ಇಂದಿಗೂ ಕೇಳಿಬರುವುದರಿಂದ ಹಾಗೆ ಎಣಿಸುವುದು ಸಹಜವೂ ಹೌದು. ಆದರೆ ಈ ಅಪನಂಬಿಕೆ ಜನರ ಬಾಯಲ್ಲಿ ಮಾತ್ರವಲ್ಲ, ದೇಶದ ಕಾಯಿದೆ ಪುಸ್ತಕದಲ್ಲೂ ಇದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 25ನೆಯ ಕಲಮಿನ ಪ್ರಕಾರ, ಆರೋಪಿಯು ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು, ಅಂದರೆ ಅಪರಾಧ ಮಾಡಿದವನು ತಾನೇ ಎಂದು ಒಪ್ಪಿಕೊಂಡ ಹೇಳಿಕೆಯನ್ನು, ಅವನ ವಿರುದ್ಧ ನ್ಯಾಯಾಲಯದಲ್ಲಿ ರುಜುವಾತು ಮಾಡುವಂತಿರಲಿಲ್ಲ. ನೆರೆಮನೆಯವನ ಮುಂದೆಯೋ ಅಂಗಡಿಯವನ ಮುಂದೆಯೋ ಆಡಿದರೆ ಸಾಕ್ಷ್ಯವಾಗಬಹುದಾದ ಅದೇ ಮಾತು, ಸರ್ಕಾರವೇ ಸಂಬಳ ಕೊಟ್ಟು ತನಿಖೆಗೆ ನೇಮಿಸಿದ ಅಧಿಕಾರಿಯ ಮುಂದೆ ಆಡಿದರೆ ಸಾಕ್ಷ್ಯವಾಗುತ್ತಿರಲಿಲ್ಲ. ಒಂದು ಆಡಳಿತವು ತನ್ನದೇ ನೌಕರರ ಮೇಲಿನ ಅವಿಶ್ವಾಸವನ್ನು ಹೀಗೆ ಕಾಯಿದೆಯಾಗಿ ಬರೆದಿಟ್ಟದ್ದು ಏಕೆಂದು ತಿಳಿಯಬೇಕಾದರೆ, ಕಾವಲು ಊರಿನ ಹೊಣೆಯಾಗಿದ್ದ ಕಾಲದಿಂದ ಅದು ಸರ್ಕಾರದ ಅಧಿಕಾರವಾದ ಕಾಲದವರೆಗಿನ ದಾರಿಯನ್ನು ನೋಡಬೇಕಾಗುತ್ತದೆ.

ಕನ್ನಡ ನಾಡಿನಲ್ಲಿ ಕಾವಲಿನ ಅತಿ ಹಳೆಯ ದಾಖಲೆಗಳೆಂದರೆ ಊರ ಅಂಚಿನಲ್ಲಿ, ಕೆರೆಯ ಏರಿಯ ಬಳಿಯಲ್ಲಿ ನಿಂತಿರುವ ವೀರಗಲ್ಲುಗಳು. ಇವುಗಳಲ್ಲಿ ದೊಡ್ಡದೊಂದು ಪಾಲು ತುರುಗೊಳ್ ಕಾಳಗದಲ್ಲಿ, ಅಂದರೆ ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರೊಡನೆ ನಡೆದ ಹೋರಾಟದಲ್ಲಿ, ಮಡಿದವರ ನೆನಪಿಗೆ ನೆಟ್ಟವು. ಕೆಳಗಿನ ಪಟ್ಟಿಕೆಯಲ್ಲಿ ದನಗಳೂ ಕತ್ತಿ ಹಿಡಿದ ವೀರನೂ, ನಡುವಿನದರಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರೂ, ಮೇಲಿನದರಲ್ಲಿ ಶಿವಲಿಂಗದ ಸನ್ನಿಧಿಯೂ ಇರುವ ಈ ಕಲ್ಲುಗಳು, ಕಾಯ್ದವನನ್ನು ಊರು ಹೇಗೆ ನೆನೆಯಿತೆಂಬುದನ್ನು ತೋರಿಸುತ್ತವೆ. ಹಾಗೆ ಮಡಿದವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟ ವಿಷಯವೂ ಹಲವು ಕಲ್ಲುಗಳ ಬರಹದಲ್ಲಿದೆ. ಶಾಸನಗಳಲ್ಲಿ ಬರುವ ತಳಾರ ಅಥವಾ ತಳವಾರ ಎಂಬ ಪದ ಕಾವಲಿನ ಅಧಿಕಾರಿಯನ್ನು ಸೂಚಿಸುವಂಥದು. ಅದೇ ಪದ ಹಳ್ಳಿಯ ಕಾವಲುಗಾರನ ಹೆಸರಾಗಿ ಇಪ್ಪತ್ತನೆಯ ಶತಮಾನದವರೆಗೂ ಉಳಿಯಿತು.

ಪಟ್ಟಣದ ಕಾವಲು ಹೇಗೆ ನಡೆಯುತ್ತಿತ್ತೆಂಬುದಕ್ಕೆ 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕನ ಬರಹ ಒಳ್ಳೆಯ ಆಧಾರವಾಗಿದೆ. ಟಂಕಸಾಲೆಯ ಎದುರಿಗೆ ನಗರಪಾಲಕನ ಕಚೇರಿ ಇತ್ತೆಂದೂ, ಅದಕ್ಕೆ 12,000 ಕಾವಲಿನವರು ಸೇರಿದ್ದರೆಂದು ಹೇಳಲಾಗುತ್ತಿತ್ತೆಂದೂ, ವೇಶ್ಯಾವಾಟಿಕೆಗಳಿಂದ ಬರುವ ತೆರಿಗೆಯೇ ಅವರ ಸಂಬಳದ ಮೂಲವಾಗಿತ್ತೆಂದೂ ಅವನು ಬರೆದಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಅವನು ಮುಂದೆ ತಿಳಿಸುವ ಸಂಗತಿ ಸಂಖ್ಯೆಗಿಂತ ಮುಖ್ಯವಾದದ್ದು. ಏಳು ಸುತ್ತಿನ ಕೋಟೆಯೊಳಗೆ ಕಳೆದುಹೋದ ಅಥವಾ ಕಳುವಾದ ಪ್ರತಿಯೊಂದನ್ನೂ ಹುಡುಕಿಕೊಡುವುದು ಆ ಕಾವಲಿನವರ ಕೆಲಸವಾಗಿತ್ತು, ಹುಡುಕಿಕೊಡದಿದ್ದರೆ ಅವರೇ ದಂಡ ತೆರಬೇಕಾಗಿತ್ತು. ತನ್ನ ಜೊತೆಗಾರನೊಬ್ಬನು ಕೊಂಡಿದ್ದ ಗುಲಾಮರು ಓಡಿಹೋದಾಗ, ಆ ಭಾಗದ ಕಾವಲಿನವರು ಅವರನ್ನು ಹಿಡಿದು ತರಲಾಗದೆ ಬೆಲೆಯನ್ನು ವಿಚಾರಿಸಿಕೊಂಡು ಹಣ ಕಟ್ಟಿಕೊಟ್ಟರೆಂದು ಅವನು ದಾಖಲಿಸಿದ್ದಾನೆ. ಮನುಷ್ಯರನ್ನೇ ಕಳೆದುಹೋದ ಸೊತ್ತಿನಂತೆ ಲೆಕ್ಕ ಹಾಕಿದ ಆ ಕಾಲದ ಕ್ರೌರ್ಯವನ್ನು ಮರೆಯಲಾಗದು. ಆದರೂ ಕಾವಲು ತಪ್ಪಿದರೆ ನಷ್ಟ ಕಾಯುವವನದೇ ಎಂಬ ನಿಯಮ ಅಲ್ಲಿ ಜಾರಿಯಲ್ಲಿದ್ದುದು ಸ್ಪಷ್ಟ.

ಹಳ್ಳಿಗಳಲ್ಲಿ ಇದೇ ನಿಯಮ ಆಯಗಾರ ಪದ್ಧತಿಯೊಳಗೆ ನೆಲೆಸಿತ್ತು. ಆಯವೆಂದರೆ ಸುಗ್ಗಿಯ ಕಣದಲ್ಲಿ ಪ್ರತಿ ರೈತನೂ ಊರಿನ ಸೇವೆ ಮಾಡುವವರಿಗೆ ಅಳೆದುಕೊಡುತ್ತಿದ್ದ ಧಾನ್ಯದ ಪಾಲು. ಗೌಡ, ಶಾನುಭೋಗ, ನೀರಗಂಟಿ, ಬಡಗಿ, ಕಮ್ಮಾರ, ಅಗಸ ಮೊದಲಾದ ಹನ್ನೆರಡು ಆಯಗಾರರಲ್ಲಿ ತಳವಾರನೂ ತೋಟಿಯೂ ಇದ್ದರು. ಬ್ರಿಟಿಷ್ ಪಾರ್ಲಿಮೆಂಟಿಗೆ 1812ರಲ್ಲಿ ಸಲ್ಲಿಕೆಯಾದ, ಐದನೆಯ ವರದಿ ಎಂದು ಹೆಸರಾದ ದಾಖಲೆಯು ದಕ್ಷಿಣದ ಹಳ್ಳಿಗಳನ್ನು ವರ್ಣಿಸುತ್ತ, ಅಪರಾಧಗಳ ಸುಳಿವು ತಿಳಿಯುವುದು ಮತ್ತು ದಾರಿಹೋಕರನ್ನು ಒಂದೂರಿನಿಂದ ಮತ್ತೊಂದೂರಿಗೆ ಸುರಕ್ಷಿತವಾಗಿ ತಲುಪಿಸುವುದು ತಳವಾರನ ಕೆಲಸವೆಂದೂ, ಬೆಳೆ ಕಾಯುವುದು ಮತ್ತು ಅಳತೆಗೆ ನೆರವಾಗುವುದು ತೋಟಿಯ ಕೆಲಸವೆಂದೂ ಬೇರ್ಪಡಿಸಿ ಹೇಳುತ್ತದೆ. ಅವರ ಜೀವನ ನಡೆಯುತ್ತಿದ್ದುದು ಊರಿನ ಕಣದಿಂದ ಮತ್ತು ಸೇವೆಗಾಗಿ ಬಿಟ್ಟಿದ್ದ ಇನಾಮು ಭೂಮಿಯಿಂದ. ಆದ್ದರಿಂದ ಯಾರ ಮನೆಯನ್ನು ಕಾಯಬೇಕೋ ಅವರ ಮುಂದೆಯೇ ಅವರು ಪ್ರತಿ ಸುಗ್ಗಿಯಲ್ಲೂ ಮೊರ ಹಿಡಿದು ನಿಲ್ಲಬೇಕಾಗಿತ್ತು. ದಕ್ಷಿಣದ ಹಲವೆಡೆ ಕಳುವಾದ ಸೊತ್ತನ್ನು ಪತ್ತೆ ಮಾಡದ ಕಾವಲುಗಾರನು ಅದರ ಬೆಲೆಯನ್ನು ತುಂಬಿಕೊಡಬೇಕೆಂಬ ವಾಡಿಕೆಯೂ ಇತ್ತು.

ಇದನ್ನು ಸುವರ್ಣಯುಗವೆಂದು ಬಣ್ಣಿಸುವುದು ತಪ್ಪಾಗುತ್ತದೆ. ತೋಟಿ ತಳವಾರಿಕೆಯ ಕೆಲಸ ಜಾತಿಗೆ ಅಂಟಿಕೊಂಡಿತ್ತು. ಅದನ್ನು ಮಾಡುತ್ತಿದ್ದವರು ಊರಿನ ಬಿಟ್ಟಿ ಚಾಕರಿಯನ್ನೂ ಹೊರಬೇಕಾಗಿತ್ತು. ಕಾವಲಿನ ಹಕ್ಕನ್ನು ಪಾಳೆಯಗಾರರು ಹಿಡಿದುಕೊಂಡ ಕಡೆಗಳಲ್ಲಿ ಕಾವಲಿನ ತೆರಿಗೆ ಸುಲಿಗೆಯ ಮತ್ತೊಂದು ಹೆಸರಾಗಿತ್ತು. ತೆರಿಗೆ ಕೊಡದ ಊರಿಗೆ ಕಾವಲುಗಾರರೇ ಕಳ್ಳರನ್ನು ಬಿಡುತ್ತಿದ್ದರೆಂಬ ದೂರುಗಳೂ ಇದ್ದವು. ಇಷ್ಟಾದರೂ ಒಂದು ಮಾತು ನಿಜ: ಆ ವ್ಯವಸ್ಥೆಯಲ್ಲಿ ಕಾಯುವವನು ಯಾರಿಗೆ ಉತ್ತರ ಹೇಳಬೇಕೆಂಬುದರಲ್ಲಿ ಸಂದೇಹವಿರಲಿಲ್ಲ.

ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ ಬದಲಾದದ್ದು ಇದೇ. ಬಳ್ಳಾರಿ ಮತ್ತು ಕೆನರಾ ಜಿಲ್ಲೆಗಳು ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ, ಥಾಮಸ್ ಮನ್ರೋನ ಶಿಫಾರಸಿನ ಮೇಲೆ 1816ರಲ್ಲಿ ಬಂದ ನಿಬಂಧನೆಗಳು ಪೊಲೀಸ್ ಕೆಲಸವನ್ನು ದರೋಗರಿಂದ, ಅಂದರೆ ಕಂಪನಿ ನೇಮಿಸಿದ್ದ ಠಾಣಾಧಿಕಾರಿಗಳಿಂದ, ತೆಗೆದು ಊರ ಮುಖ್ಯಸ್ಥರಿಗೂ ತಹಶೀಲ್ದಾರರಿಗೂ ಒಪ್ಪಿಸಿದವು. ಊರಿನ ಹಳೆಯ ಸಂಸ್ಥೆಗಳನ್ನು ಉಳಿಸಿಕೊಳ್ಳುವುದು ಮನ್ರೋನ ಉದ್ದೇಶವಾಗಿತ್ತು. ಕನ್ನಡ ಜಿಲ್ಲೆಗಳಲ್ಲಿ ವರ್ಷಗಟ್ಟಲೆ ಕಲೆಕ್ಟರನಾಗಿ ಓಡಾಡಿದ್ದ ಅವನಿಗೆ ಆ ಸಂಸ್ಥೆಗಳ ಬೆಲೆ ತಿಳಿದಿತ್ತೆಂಬುದೂ ನಿಜ. ಆದರೆ ಪರಿಣಾಮ ಬೇರೆಯಾಯಿತು. ಕಂದಾಯ ವಸೂಲಿ ಮಾಡುವ ತಹಶೀಲ್ದಾರನೇ ಪೊಲೀಸ್ ಅಧಿಕಾರಿಯೂ ಆದದ್ದರಿಂದ, ಬಾಕಿ ಉಳಿಸಿಕೊಂಡ ರೈತನನ್ನು ಕರೆತಂದು ಕೂರಿಸುವ ಜವಾನನೂ ಕಳ್ಳನನ್ನು ಹಿಡಿದು ತರುವ ಜವಾನನೂ ಒಬ್ಬನೇ ಆದನು, ಇಬ್ಬರಿಂದಲೂ ಮಾತು ಹೊರಡಿಸುವ ವಿಧಾನವೂ ಒಂದೇ ಆಯಿತು.

ಆ ವಿಧಾನದ ವಿವರ 1855ರ ಏಪ್ರಿಲ್‌ನಲ್ಲಿ ಹೊರಬಂದ ಮದ್ರಾಸ್ ಚಿತ್ರಹಿಂಸಾ ಆಯೋಗದ ವರದಿಯಲ್ಲಿದೆ. 1854ರ ಜುಲೈನಲ್ಲಿ ಬ್ರಿಟನ್ನಿನ ಕೆಳಮನೆಯಲ್ಲಿ ಈ ವಿಷಯ ಚರ್ಚೆಗೆ ಬಂದ ಮೇಲೆ ಎಲಿಯಟ್, ಸ್ಟೋಕ್ಸ್ ಮತ್ತು ವಕೀಲ ಜಾನ್ ಬ್ರೂಸ್ ನಾರ್ಟನ್ ಎಂಬ ಮೂವರನ್ನು ವಿಚಾರಣೆಗೆ ನೇಮಿಸಲಾಯಿತು. ಕೆಲವೇ ತಿಂಗಳ ಅವಧಿಯಲ್ಲಿ ಅವರಿಗೆ 1,900ಕ್ಕೂ ಹೆಚ್ಚು ದೂರುಗಳು ಬಂದವು. ದೂರದ ಜಿಲ್ಲೆಗಳ ಜನ ನೂರಾರು ಮೈಲಿ ನಡೆದು ಮದ್ರಾಸಿಗೆ ಬಂದು ಹೇಳಿಕೆ ಕೊಟ್ಟರು. ದೂರುಗಳಲ್ಲಿ ಮತ್ತೆ ಮತ್ತೆ ಬರುವ ಸಾಧನವೆಂದರೆ ಕಿಟ್ಟಿ. ಒಂದು ತುದಿಯಲ್ಲಿ ಜೋಡಿಸಿದ ಎರಡು ಮರದ ತುಂಡುಗಳ ನಡುವೆ ಬೆರಳುಗಳನ್ನು ಇಟ್ಟು, ತಡೆಯಲಾಗದಷ್ಟು ನೋಯುವವರೆಗೆ ಅದುಮುವ ಈ ಸಾಧನವನ್ನು ಯಾವ ಬಡಗಿಯಾದರೂ ಮಾಡಿಕೊಡಬಹುದಾಗಿತ್ತು. ಇನ್ನೊಂದು ಬಗೆಯಲ್ಲಿ ಮನುಷ್ಯನನ್ನು ಬಗ್ಗಿಸಿ, ಅವನ ಕುತ್ತಿಗೆಯನ್ನು ಬಟ್ಟೆಯಿಂದಲೋ ಹಗ್ಗದಿಂದಲೋ ಅವನದೇ ಕಾಲಿಗೆ ಬಿಗಿದು, ಬೆನ್ನ ಮೇಲೆ ಕಲ್ಲು ಹೇರಿ, ಬಿಸಿಲಿನಲ್ಲಿ ನಿಲ್ಲಿಸಲಾಗುತ್ತಿತ್ತು. ಇವೆಲ್ಲ ನಡೆಯುತ್ತಿದ್ದುದು ಗುಟ್ಟಾದ ನೆಲಮಾಳಿಗೆಗಳಲ್ಲಲ್ಲ, ಊರಿನವರು ಹೋಗಿಬರುವ ಚಾವಡಿಯ ಮುಂದೆ. ಕಂದಾಯಕ್ಕಾಗಿಯೂ ತಪ್ಪೊಪ್ಪಿಗೆಗಾಗಿಯೂ ಹಿಂಸೆ ನಡೆಯುತ್ತಿದೆಯೆಂದು ಆಯೋಗವು ಸಂದೇಹಕ್ಕೆಡೆಯಿಲ್ಲದಂತೆ ಬರೆಯಿತು. ಆಗಿನ ಪೊಲೀಸ್ ವ್ಯವಸ್ಥೆ ಕಳ್ಳರಿಗೆ ಭಯ ಹುಟ್ಟಿಸುವುದರ ಬದಲು ನೆಮ್ಮದಿಯಿಂದ ಬಾಳುವವರಿಗೇ ಭಯ ಹುಟ್ಟಿಸುತ್ತಿದೆಯೆಂಬುದು ಅದರ ತೀರ್ಮಾನವಾಗಿತ್ತು. ದೋಷವನ್ನೆಲ್ಲ ಕೆಳಗಿನ ದೇಶೀಯ ನೌಕರರ ಮೇಲೆ ಹೊರಿಸಿ ಮೇಲಿನ ಬಿಳಿಯ ಅಧಿಕಾರಿಗಳನ್ನು ಬಿಟ್ಟುಬಿಟ್ಟದ್ದು ಈ ವರದಿಯ ದೊಡ್ಡ ಕೊರತೆ. ವಸೂಲಿಯ ಒತ್ತಡ ಮೇಲಿನಿಂದಲೇ ಬರುತ್ತಿತ್ತಲ್ಲವೆ? 1857ರಲ್ಲಿ ಕಾರ್ಲ್ ಮಾರ್ಕ್ಸ್ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ಈ ವರದಿಯನ್ನೇ ಮುಂದಿಟ್ಟುಕೊಂಡು ಕಂಪನಿಯ ಆಡಳಿತವನ್ನು ಪ್ರಶ್ನಿಸಿದನು.

ವರದಿಯ ಫಲವಾಗಿ ಎರಡು ಕೆಲಸಗಳಾದವು, ಮತ್ತು ಇವೆರಡೂ ಒಂದಕ್ಕೊಂದು ಹೊಂದದಂಥವು. ಮೊದಲನೆಯದು, ಕಂದಾಯದಿಂದ ಬೇರ್ಪಟ್ಟ ಪ್ರತ್ಯೇಕ ಪೊಲೀಸ್ ಪಡೆ. ಮದ್ರಾಸಿನಲ್ಲಿ 1859ರ ಕಾಯಿದೆಯಿಂದಲೂ ಬ್ರಿಟಿಷ್ ಭಾರತದ ಇತರ ಹಲವು ಭಾಗಗಳಲ್ಲಿ 1861ರ ಪೊಲೀಸ್ ಕಾಯಿದೆಯಿಂದಲೂ ಅದು ರೂಪುಗೊಂಡಿತು. ಇದಕ್ಕೆ ಮಾದರಿಯಾದದ್ದು, ಆಳುವವರ ಅಂಕೆಯಲ್ಲಿ ಸೈನ್ಯದ ಶಿಸ್ತಿನಿಂದ ನಡೆಯುತ್ತಿದ್ದ ಐರ್ಲೆಂಡಿನ ಪಡೆ. ಲಂಡನ್ನಿನ ನಿರಾಯುಧ ಪೊಲೀಸರ ಮಾದರಿಯು ಆಳಿಸಿಕೊಳ್ಳುವ ದೇಶಕ್ಕೆ ಬೇಕಾಗಿಲ್ಲವೆಂದು ಎಣಿಸಲಾಯಿತು. 1861ರ ಕಾಯಿದೆಯ 15ನೆಯ ಕಲಮಿನಲ್ಲಿ, ಗಲಭೆಯಾದ ಊರಿನಲ್ಲಿ ಹೆಚ್ಚುವರಿ ಪೊಲೀಸರನ್ನು ಇರಿಸಿ ಅದರ ಖರ್ಚನ್ನು ಊರಿನವರಿಂದಲೇ ವಸೂಲು ಮಾಡುವ ಅಧಿಕಾರವಿತ್ತು. ಇಂಥ ದಂಡವನ್ನು ಕನ್ನಡದ ಜನ ಪುಂಡುಗಂದಾಯವೆಂದು ಕರೆದರು. ಹಿಂದೆ ಕಾವಲು ತಪ್ಪಿದರೆ ಕಾವಲಿನವನು ಊರಿಗೆ ದಂಡ ಕೊಡುತ್ತಿದ್ದನು, ಈಗ ಊರು ಕಾವಲಿಗೆ ದಂಡ ಕೊಡುವಂತಾಯಿತು.

ಎರಡನೆಯದು, ಈ ಹೊಸ ಪಡೆಯ ಮಾತನ್ನು ನಂಬಬಾರದೆಂಬ ನಿಯಮ. 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಅಂದರೆ ತನಿಖೆ ಮತ್ತು ವಿಚಾರಣೆಯ ಕ್ರಮವನ್ನು ಹೇಳುವ ಕಾಯಿದೆಯಲ್ಲಿ, 148ರಿಂದ 150ರವರೆಗಿನ ಕಲಮುಗಳಾಗಿದ್ದ ಈ ನಿಯಮವನ್ನು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ 1872ರ ಸಾಕ್ಷ್ಯ ಅಧಿನಿಯಮಕ್ಕೆ 25, 26 ಮತ್ತು 27ನೆಯ ಕಲಮುಗಳಾಗಿ ತಂದನು. ಪೊಲೀಸ್ ಅಧಿಕಾರಿಗೆ ಮಾಡಿದ ತಪ್ಪೊಪ್ಪಿಗೆ ಸಲ್ಲದು. ಪೊಲೀಸರ ವಶದಲ್ಲಿದ್ದಾಗ ಬೇರೆ ಯಾರಿಗೆ ಮಾಡಿದ್ದೂ, ಮ್ಯಾಜಿಸ್ಟ್ರೇಟರು ಎದುರಿಗಿಲ್ಲದಿದ್ದರೆ, ಸಲ್ಲದು. ಆದರೆ ಹೇಳಿಕೆಯಿಂದ ಯಾವುದಾದರೂ ಸಂಗತಿ ಹೊಸದಾಗಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ಸಲ್ಲುತ್ತದೆ. ಹೊಸ ಪಡೆಯೂ ಹಳೆಯ ಚಾವಡಿಯ ದಾರಿಯನ್ನೇ ಹಿಡಿಯಬಹುದೆಂಬುದು ಕಾಯಿದೆ ಬರೆದವರಿಗೆ ತಿಳಿದಿತ್ತು. ಪಡೆಯನ್ನು ಜನರಿಗೆ ಉತ್ತರ ಹೇಳುವಂತೆ ಮಾಡುವ ದಾರಿಯನ್ನು ಬಿಟ್ಟು, ನ್ಯಾಯಾಲಯದ ಬಾಗಿಲಲ್ಲಿ ಅದರ ಮಾತನ್ನು ತಡೆಯುವ ದಾರಿಯನ್ನು ಅವರು ಆರಿಸಿಕೊಂಡರು.

ಕರ್ನಾಟಕದ ಯಾವುದೇ ನ್ಯಾಯಾಲಯದಲ್ಲಿ ಕೊಲೆ ಅಥವಾ ಕಳವಿನ ದೋಷಾರೋಪಣ ಪಟ್ಟಿಯನ್ನು ತೆರೆದು ನೋಡಿದರೆ ಈ ಕಲಮುಗಳ ಕೆಲಸವನ್ನು ಹತ್ತಿರದಿಂದ ಕಾಣಬಹುದು. ಅದರಲ್ಲಿ ಆರೋಪಿಯ ಸ್ವ-ಇಚ್ಛಾ ಹೇಳಿಕೆ ಎಂಬ ಹಾಳೆಗಳಿರುತ್ತವೆ. ಪುಟಗಟ್ಟಲೆ ಇರುವ ಆ ಹೇಳಿಕೆಯ ಕೊನೆಯಲ್ಲಿ, ತನ್ನನ್ನು ಕರೆದುಕೊಂಡು ಹೋದರೆ ಸ್ಥಳವನ್ನು ತೋರಿಸಿ ವಸ್ತುವನ್ನು ಹಾಜರುಪಡಿಸುತ್ತೇನೆ ಎಂಬ ಅರ್ಥದ ಸಾಲು ತಪ್ಪದೆ ಬರುತ್ತದೆ. ನ್ಯಾಯಾಧೀಶರ ಮುಂದೆ ಮೇಲಿನ ಪುಟಗಳೆಲ್ಲ ಬಿದ್ದುಹೋಗಿ ಆ ಒಂದು ಸಾಲು ಮಾತ್ರ ಉಳಿಯುತ್ತದೆ. ಮದ್ರಾಸ್ ಪ್ರಾಂತ್ಯದಿಂದ ಹೋದ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೊಟ್ಟ, 1947ರಲ್ಲಿ ವರದಿಯಾದ ತೀರ್ಪು ಈ ಗೆರೆಯನ್ನು ಖಚಿತಗೊಳಿಸಿತು: ಆಯುಧವನ್ನು ಇಂಥಲ್ಲಿ ಬಚ್ಚಿಟ್ಟಿದ್ದೇನೆ ಎಂಬುದು ಸಲ್ಲುತ್ತದೆ, ಅದರಿಂದ ಇಂಥವನನ್ನು ತಿವಿದೆ ಎಂಬುದು ಸಲ್ಲುವುದಿಲ್ಲ. ವಸ್ತುವನ್ನು ತೆಗೆದುಕೊಟ್ಟದ್ದಕ್ಕೂ ಪೊಲೀಸರ ಮಾತೊಂದೇ ಸಾಲದೆಂದು, ಊರಿನ ಇಬ್ಬರು ಗೌರವಸ್ಥರನ್ನು ಪಂಚರನ್ನಾಗಿ ಕರೆದು, ಅವರ ಎದುರಿಗೆ ಮಹಜರು, ಅಂದರೆ ಕಣ್ಣೆದುರು ನಡೆದದ್ದರ ದಾಖಲೆ, ಬರೆದು ಸಹಿ ಪಡೆಯುವ ಪದ್ಧತಿ ಬೆಳೆಯಿತು. ಬೆಳಗಾವಿ ಧಾರವಾಡಗಳ ಕಡೆ ಇದನ್ನೇ ಪಂಚನಾಮೆ ಎನ್ನುತ್ತಾರೆ. ನಾಗರಿಕನು ಪೊಲೀಸರ ಕೆಲಸಕ್ಕೆ ಕಣ್ಣಾಗಿ ನಿಲ್ಲಲೆಂದು ಮಾಡಿದ ಈ ಏರ್ಪಾಡು ಬಹಳ ಕಡೆ ಹಾಳೆಯ ಮೇಲಷ್ಟೇ ಉಳಿಯಿತು. ಕರೆದರೆ ಜನ ಬಾರದಾದರು. ಬಾರದ ಕಾರಣಕ್ಕೆ ಠಾಣೆಗೆ ಬೇಕಾದವರನ್ನೇ ಮತ್ತೆ ಮತ್ತೆ ಪಂಚರನ್ನಾಗಿ ಮಾಡಲಾಯಿತು. ಅಂಥವರು ಎಷ್ಟೋ ವರ್ಷಗಳ ಮೇಲೆ ಕಟಕಟೆಯಲ್ಲಿ ನಿಂತು, ಸಹಿ ನನ್ನದೇ, ಬರೆದದ್ದು ಗೊತ್ತಿಲ್ಲ ಎಂದು ಪ್ರತಿಕೂಲ ಸಾಕ್ಷಿಗಳಾದರು. ಪ್ರಾಮಾಣಿಕವಾಗಿ ತನಿಖೆ ಮಾಡಿದ ಅಧಿಕಾರಿಯ ಶ್ರಮವೂ ಇದೇ ಮಾತಿನಿಂದ ನೆಲಕಚ್ಚುವುದನ್ನು ನೋಡಿದರೆ, ಅಪನಂಬಿಕೆಯ ಬೆಲೆಯನ್ನು ಜನರಷ್ಟೇ ಅಲ್ಲ, ಪೊಲೀಸರೂ ತೆತ್ತಿದ್ದಾರೆಂದು ಒಪ್ಪಬೇಕಾಗುತ್ತದೆ.

ಆಡಳಿತದ ಅವಿಶ್ವಾಸ ಪೊಲೀಸರ ಮೇಲಷ್ಟೇ ಇರಲಿಲ್ಲ. ಕೆಲವು ಸಮುದಾಯಗಳನ್ನು ಅದು ಇಡಿಯಾಗಿ ಅವಿಶ್ವಾಸಕ್ಕೆ ಒಳಪಡಿಸಿತು. 1871ರಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹುಟ್ಟಿನಿಂದಲೇ ಮನುಷ್ಯನನ್ನು ಅಪರಾಧಿಯೆಂದು ದಾಖಲಿಸಿ, ಹೊತ್ತು ಹೊತ್ತಿಗೆ ಹಾಜರಿ ಕೊಡಬೇಕೆಂದೂ ಅಪ್ಪಣೆಯಿಲ್ಲದೆ ಊರು ಬಿಡಬಾರದೆಂದೂ ಕಟ್ಟು ಹಾಕಿತು. ಮುಂಬಯಿ ಪ್ರಾಂತ್ಯದ ಕನ್ನಡ ಭಾಗದಲ್ಲಿ ಹುಬ್ಬಳ್ಳಿ, ಗದಗ ಮತ್ತು ವಿಜಯಪುರಗಳಲ್ಲಿ ಇಂಥವರನ್ನು ಬೇಲಿಯೊಳಗೆ ಇರಿಸಿದ ವಸಾಹತುಗಳಿದ್ದವು. ಹುಬ್ಬಳ್ಳಿಯ ಆ ಭಾಗಕ್ಕೆ ಸೆಟ್ಲಮೆಂಟ್ ಎಂಬ ಹೆಸರು ಇನ್ನೂ ಅಳಿದಿಲ್ಲ. ಕಾಯಿದೆ 1952ರಲ್ಲಿ ರದ್ದಾಯಿತು. ಆದರೆ ಕಳುವಾದಾಗ ಮೊದಲು ಯಾರ ಕೇರಿಗೆ ಹೋಗಬೇಕೆಂಬ ಠಾಣೆಯ ಅಭ್ಯಾಸ ಅಷ್ಟು ಬೇಗ ರದ್ದಾಗಲಿಲ್ಲ.

ಆಂಡ್ರ್ಯೂ ಫ್ರೇಜರನ ಅಧ್ಯಕ್ಷತೆಯ 1902-03ರ ಪೊಲೀಸ್ ಆಯೋಗವು ಪಡೆಯು ಭ್ರಷ್ಟವೂ ದಬ್ಬಾಳಿಕೆಯದೂ ಆಗಿದೆಯೆಂದೂ ಜನರ ವಿಶ್ವಾಸ ಗಳಿಸಿಲ್ಲವೆಂದೂ ಒಪ್ಪಿಕೊಂಡಿತು. ದೇಶೀಯ ಅರಸರ ಆಳ್ವಿಕೆಯಲ್ಲಿದ್ದ ಮೈಸೂರು ಸಂಸ್ಥಾನವೂ ಇದಕ್ಕೆ ಹೊರತಾಗಿ ಉಳಿಯಲಿಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಾಗ, ಊರಿನವರು ಹುಡುಗರಿಬ್ಬರಲ್ಲಿ ಒಬ್ಬನನ್ನು ಅಮಲ್ದಾರನನ್ನಾಗಿಯೂ ಇನ್ನೊಬ್ಬನನ್ನು ಸಬ್ ಇನ್ಸ್‌ಪೆಕ್ಟರನನ್ನಾಗಿಯೂ ಮಾಡಿದರು. ಮಕ್ಕಳ ಆಟದಂತೆ ಕಾಣುವ ಆ ನೇಮಕದೊಳಗೆ, ಕಾವಲಿನ ಅಧಿಕಾರ ಮತ್ತೆ ಊರಿಗೆ ಸೇರಬೇಕೆಂಬ ಹಂಬಲವೂ ಇತ್ತು. ಆಮೇಲೆ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಜೀವ ಕಳೆದುಕೊಂಡರು. ಊರಿನ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಲಾಯಿತು.

ಸ್ವಾತಂತ್ರ್ಯದ ಬಳಿಕ, ವಂಶಪಾರಂಪರ್ಯವಾಗಿದ್ದ ಗ್ರಾಮಾಧಿಕಾರಗಳನ್ನು ರದ್ದು ಮಾಡುವ 1961ರ ಕಾಯಿದೆ 1963ರ ಫೆಬ್ರವರಿಯಿಂದ ಜಾರಿಗೆ ಬಂದು, ಪಟೇಲ ಶಾನುಭೋಗರ ಜೊತೆಗೆ ತಳವಾರ ತೋಟಿಗಳ ಹುದ್ದೆಯೂ ಹೋಯಿತು. ಜಾತಿಗೆ ಕಟ್ಟಿದ ಬಿಟ್ಟಿಯನ್ನು ತೆಗೆದುಹಾಕಿದ ಈ ಕ್ರಮ ನ್ಯಾಯವಾದದ್ದು, ತಡವಾಗಿ ಬಂದದ್ದು. ಆದರೆ ಊರಿಗೂ ಠಾಣೆಗೂ ನಡುವೆ ಇದ್ದ ಊರಿನದೇ ಮನುಷ್ಯನ ಜಾಗ ತೆರವಾಯಿತು, ಅದಕ್ಕೆ ಬದಲಾಗಿ ಯಾರೂ ಬರಲಿಲ್ಲ.

ಠಾಣೆಯ ಮಾತನ್ನು ನಂಬಬಾರದೆಂಬ ನಿಯಮವನ್ನು ಸಡಿಲಿಸಿದರೆ ಏನಾಗುತ್ತದೆಂಬುದನ್ನು ಕರ್ನಾಟಕ ಕಂಡಿದೆ. ಭಯೋತ್ಪಾದನೆಯನ್ನು ತಡೆಯಲೆಂದು ಬಂದ 1987ರ ಟಾಡಾ ಕಾಯಿದೆಯು ಸೂಪರಿಂಟೆಂಡೆಂಟ್ ಹಾಗೂ ಅದಕ್ಕೂ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪಿತು. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡಿನಲ್ಲಿ ಕಾಡುಗಳ್ಳ ವೀರಪ್ಪನ್‌ಗಾಗಿ ಶೋಧ ನಡೆದಾಗ, ಹಲವು ಪೊಲೀಸರ, ಅರಣ್ಯ ಸಿಬ್ಬಂದಿಯ ಪ್ರಾಣ ಹೋದ ಆ ದಿನಗಳಲ್ಲಿ, ಅಂಚಿನ ಹಳ್ಳಿಗಳ ಬಡವರನ್ನು ಈ ಕಾಯಿದೆಯಡಿ ಹಿಡಿದು ವರ್ಷಗಟ್ಟಲೆ ಮೈಸೂರಿನ ಸೆರೆಮನೆಯಲ್ಲಿ ಇರಿಸಲಾಯಿತು. 2001ರಲ್ಲಿ ವಿಶೇಷ ನ್ಯಾಯಾಲಯವು ಅವರಲ್ಲಿ ಬಹುಪಾಲು ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು. ಹಿಂಸೆಯ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಜನರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. 1855ರ ಚಾವಡಿಗೂ ಈ ಕಾಡಿನ ಶಿಬಿರಗಳಿಗೂ ನಡುವೆ ಹತ್ತಿರಹತ್ತಿರ ಒಂದೂವರೆ ಶತಮಾನ ಕಳೆದಿದ್ದರೂ, ಮಾತು ಹೊರಡಿಸಿದರೆ ಸಾಕೆಂಬ ಆಸೆ ತೋರಿಸಿದ ಕಡೆ ಹಿಂಸೆ ಮರಳಿತು. ಟಾಡಾ 1995ರಲ್ಲಿ ಕೊನೆಗೊಂಡರೂ, ಸಂಘಟಿತ ಅಪರಾಧಗಳ ನಿಯಂತ್ರಣಕ್ಕೆಂದು ರಾಜ್ಯವು 2000ದಲ್ಲಿ ಮಾಡಿದ ಕಾಯಿದೆಯಲ್ಲಿ ಅಂಥದೇ ಅವಕಾಶ ಇಂದಿಗೂ ಇದೆ.

ಪೊಲೀಸರಿಗೆ ಅಂಕೆ ಹಾಕುವ ಪ್ರಯತ್ನಗಳೂ ನಡೆದವು. ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪು ಬಂಧನದ ಕ್ರಮಗಳನ್ನು ಗೊತ್ತುಪಡಿಸಿತು. 2006ರ ಪ್ರಕಾಶ್ ಸಿಂಗ್ ತೀರ್ಪು ಪೊಲೀಸರ ವಿರುದ್ಧದ ದೂರುಗಳಿಗೆ ಪ್ರಾಧಿಕಾರ ಬೇಕೆಂದಿತು. ಕರ್ನಾಟಕ 2012ರ ತಿದ್ದುಪಡಿಯಿಂದ ಅದಕ್ಕೆ ಕಾಯಿದೆಯ ರೂಪ ಕೊಟ್ಟಿತು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕೆಂದು ಆದೇಶಿಸಿತು. 2024ರ ಜುಲೈ 1ರಂದು ಹಳೆಯ ಸಾಕ್ಷ್ಯ ಅಧಿನಿಯಮದ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಎಂಬ ಹೊಸದು ಬಂದಾಗ, 25, 26 ಮತ್ತು 27ನೆಯ ಕಲಮುಗಳನ್ನು ಒಟ್ಟುಗೂಡಿಸಿ 23ನೆಯ ಕಲಮನ್ನಾಗಿ ಮಾಡಲಾಯಿತು. ನಿಯಮ ಮಾತ್ರ ಹಾಗೆಯೇ ಉಳಿಯಿತು, ಮತ್ತು ಉಳಿದದ್ದು ಸರಿ. ಶೋಧ ಮತ್ತು ಜಪ್ತಿಯನ್ನು ವಿಡಿಯೋದಲ್ಲಿ ದಾಖಲಿಸಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ಸಂಹಿತೆ ಹೇಳುತ್ತದೆ. ಆದರೂ ಪಂಚರ ಸಹಿಯ ಅಗತ್ಯ ತಪ್ಪಿಲ್ಲ. ಆದ್ದರಿಂದ ನೆರೆಯ ಬೀದಿಯಲ್ಲಿ ಮಹಜರಿಗೆಂದು ಕರೆ ಬಂದರೆ ಓದುಗರು ಹಿಂಜರಿಯದೆ ಹೋಗಬೇಕು. ನಿಂತು ನೋಡಬೇಕು, ಬರೆದದ್ದನ್ನು ಪೂರ್ತಿ ಓದಬೇಕು, ನೋಡಿದ್ದು ಅದರಲ್ಲಿದ್ದರೆ ಸಹಿ ಹಾಕಬೇಕು, ಇಲ್ಲದಿದ್ದರೆ ತಿದ್ದಿಸಬೇಕು.